ಎರಡು ರಾಜ್ಯ, ಒಂದು ಕೂಸು

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬುದು ಹಿರಿಯರ ಮಾತು. ಗಂಡ ಒಂದು ರಾಜ್ಯದಲ್ಲಿ, ಹೆಂಡತಿ ಇನ್ನೊಂದು ರಾಜ್ಯದಲ್ಲಿ ಇದ್ದರಂತೂ ಕೂಸಿನ ಜೊತೆಗೆ ಅವರಿಬ್ಬರೂ ಬಡವಾಗುತ್ತಾರೆ. ಕೂಸು ಯಾರ ಬಳಿ ಬೆಳೆಯಬೇಕೆಂಬ ವಿಚಾರಣೆ ಆಮೇಲಿನದು. ಯಾವ ಊರಿನ ಕೋರ್ಟು ಅದನ್ನು ವಿಚಾರಿಸಬೇಕು ಎಂಬುದು ಬಗೆಹರಿಯುವಷ್ಟರಲ್ಲಿಯೇ ಕೂಡಿಟ್ಟ ಕಾಸು ಕರಗಿರುತ್ತದೆ.

ಇದು ದೊಡ್ಡವರ ಮನೆಯ ಸುದ್ದಿಯೆಂದು ಓದುಗರು ಪುಟ ಮಗುಚಬಾರದು. ಉತ್ತರ ಕರ್ನಾಟಕದ ದುಡಿಯುವ ಮನೆತನಗಳಿಗೆ ಸೊಲ್ಲಾಪುರ, ಇಚಲಕರಂಜಿಗಳ ಮಗ್ಗ ಹೊಸದಲ್ಲ. ಗೋವೆಯ ಕೂಲಿ ಹೊಸದಲ್ಲ. ಗಡಿಯ ವ್ಯಾಪಾರಸ್ಥರು ಆದವಾನಿ, ಹಿಂದೂಪುರ, ಹೊಸೂರುಗಳಿಂದ ಹೆಣ್ಣು ತರುತ್ತಾರೆ, ಅಲ್ಲಿಗೆ ಹೆಣ್ಣು ಕೊಡುತ್ತಾರೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದದ್ದು ನಕ್ಷೆಯ ಮೇಲೆ, ಬೀಗತನದ ಮೇಲಲ್ಲ. ಮನಸ್ತಾಪವಾದಾಗ ಮಾತ್ರ ಆ ಗೆರೆ ಗೋಡೆಯಾಗಿ ಎದ್ದು ನಿಲ್ಲುತ್ತದೆ.

ಕಾಯಿದೆ ಏನು ಹೇಳುತ್ತದೆ? ಇಂದಿಗೂ ಜಾರಿಯಲ್ಲಿರುವುದು ಬ್ರಿಟಿಷರು 1890ರಲ್ಲಿ ಮಾಡಿದ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆ. ಅದರ 9ನೆಯ ಕಲಮಿನ ಪ್ರಕಾರ ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೆಯೋ ಅಲ್ಲಿನ ಜಿಲ್ಲಾ ಕೋರ್ಟಿಗೆ ಅಧಿಕಾರ. ಕೌಟುಂಬಿಕ ನ್ಯಾಯಾಲಯವಿರುವ ಕಡೆ ಆ ಅಧಿಕಾರ ಅದಕ್ಕೆ ಸೇರುತ್ತದೆ. ತಂದೆಯ ಊರೂ ಅಲ್ಲ, ತಾಯಿಯ ತವರೂ ಅಲ್ಲ, ಮಗುವಿನ ನೆಲೆಯೇ ಮುಖ್ಯ. ತತ್ತ್ವ ಸರಿಯಾದದ್ದೇ. ಆದರೆ ‘ಸಾಮಾನ್ಯವಾಗಿ’ ಎಂದರೆ ಎಷ್ಟು ದಿನ? ಕಾಯಿದೆ ಬಾಯಿ ಬಿಡುವುದಿಲ್ಲ. ಅದು ಸಂಗತಿಗಳನ್ನೂ ಉದ್ದೇಶವನ್ನೂ ನೋಡಿ ತೀರ್ಮಾನಿಸಬೇಕಾದ ಪ್ರಶ್ನೆಯೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿತು. ಅಂದರೆ ಸಾಕ್ಷಿ ಬೇಕು, ಶಾಲೆಯ ದಾಖಲೆ ಬೇಕು, ವಾಯಿದೆಯ ಮೇಲೆ ವಾಯಿದೆ ಬೇಕು. ಈ ಸಂದಿನಲ್ಲಿಯೇ ಮಗುವನ್ನು ರಾತ್ರೋರಾತ್ರಿ ಗಡಿ ದಾಟಿಸಿ, ‘ಇದೇ ಅದರ ಊರು’ ಎಂದು ಅರ್ಜಿ ಹಾಕುವ ಆಟ ನಡೆಯುವುದು.

ಇಚಲಕರಂಜಿಯಲ್ಲಿ ಮಗ್ಗ ನಡೆಸುವ ತಂದೆ ಅಲ್ಲಿ ಅರ್ಜಿ ಹಾಕಿದ, ಬೆಳಗಾವಿ ಜಿಲ್ಲೆಯ ತವರಿಗೆ ಬಂದ ತಾಯಿ ಇಲ್ಲಿ ಅರ್ಜಿ ಹಾಕಿದಳು ಎನ್ನೋಣ. ಆಗ 14ನೆಯ ಕಲಮಿನಂತೆ ವಿಷಯ ತಿಳಿದ ಎರಡೂ ಕೋರ್ಟುಗಳು ವಿಚಾರಣೆ ನಿಲ್ಲಿಸಬೇಕು. ಎರಡೂ ಒಂದೇ ಹೈಕೋರ್ಟಿನ ಕೆಳಗಿದ್ದರೆ ಆ ಹೈಕೋರ್ಟು ತೀರ್ಮಾನಿಸುತ್ತದೆ. ಬೇರೆ ಬೇರೆ ರಾಜ್ಯದವಾದರೆ ಅವು ತಂತಮ್ಮ ರಾಜ್ಯ ಸರ್ಕಾರಗಳಿಗೆ ವರದಿ ಮಾಡಿ, ಅಲ್ಲಿಂದ ಬರುವ ಆಜ್ಞೆಯಂತೆ ನಡೆಯಬೇಕು! ಮಗು ಯಾವ ಕೋರ್ಟಿನ ಪಾಲು ಎಂಬುದನ್ನು ಮುಂಬಯಿ, ಬೆಂಗಳೂರುಗಳ ಕಚೇರಿಗಳು ಕಾಗದ ಬರೆದುಕೊಂಡು ನಿರ್ಧರಿಸಬೇಕಂತೆ. ಕಲೆಕ್ಟರನೇ ಸರ್ವಸ್ವವಾಗಿದ್ದ ಕಾಲದ ಈ ವಾಕ್ಯವನ್ನು ಸ್ವತಂತ್ರ ಭಾರತದ ಪಾರ್ಲಿಮೆಂಟು ಇಷ್ಟು ವರ್ಷ ಉಳಿಸಿಕೊಂಡಿರುವುದು ನಾಚಿಕೆಗೇಡು.

ಇನ್ನೊಂದು ದಾರಿಯುಂಟು. ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೆಯ ಕಲಮಿನಂತೆ ಒಂದು ರಾಜ್ಯದ ಮೊಕದ್ದಮೆಯನ್ನು ಇನ್ನೊಂದಕ್ಕೆ ವರ್ಗಾಯಿಸುವ ಅಧಿಕಾರ ಸುಪ್ರೀಂ ಕೋರ್ಟಿಗಿದೆ. ಪಕ್ಕದ ಜಿಲ್ಲೆಯಿಂದ ನಮ್ಮ ಜಿಲ್ಲೆಗೆ ಮೊಕದ್ದಮೆ ತರಲು ದೆಹಲಿಯ ಬಾಗಿಲು ಬಡಿಯಬೇಕು. ಈಗ ಕಂಪ್ಯೂಟರಿನ ಮೂಲಕ ಅರ್ಜಿ ಹಾಕಬಹುದು, ನಿಜ. ಅದನ್ನು ಬರೆದು ವಾದಿಸುವ ವಕೀಲರ ಫೀಜು ಕಂಪ್ಯೂಟರಿನಿಂದ ಬರುವುದಿಲ್ಲ. ದಿನದ ಪಗಾರ ಬಿಟ್ಟರೆ ಒಲೆ ಹೊತ್ತದ ಮನೆಯವರಿಗೆ, ಬಾಗಿಲು ಹಾಕಿದರೆ ಗಿರಾಕಿ ಕಳೆದುಕೊಳ್ಳುವ ಅಂಗಡಿಯವರಿಗೆ, ಇದು ನ್ಯಾಯದ ಮಾರ್ಗವಲ್ಲ, ಜುಲ್ಮಾನೆ. ಹಣವಿದ್ದವರು ಎದುರಾಳಿಯನ್ನು ದಣಿಸಿಯೇ ಗೆಲ್ಲುತ್ತಾರೆ.

ಆದ್ದರಿಂದ ನಮ್ಮ ಒತ್ತಾಯ ಸ್ಪಷ್ಟವಾಗಿದೆ. ಅರ್ಜಿಗೆ ಮುಂಚೆ ಆರು ತಿಂಗಳು ಮಗು ಎಲ್ಲಿ ನೆಲೆಸಿತ್ತೋ ಅಲ್ಲಿನ ಕೋರ್ಟಿಗೇ ಅಧಿಕಾರವೆಂದು ಪಾರ್ಲಿಮೆಂಟು ಬರೆಯಲಿ. ಕದ್ದೊಯ್ದ ದಿನಗಳು ಲೆಕ್ಕಕ್ಕೆ ಬರಬಾರದು. ನಾವೇನೂ ಅಮೆರಿಕದ ಹೊಗಳುಭಟರಲ್ಲ. ಆದರೆ ಅಲ್ಲಿ 1997ರಲ್ಲಿ ರೂಪಿಸಿದ ಏಕರೂಪ ಕಾಯಿದೆಯಲ್ಲಿ ಈ ಆರು ತಿಂಗಳ ನಿಯಮವಿದೆ, ಹೆಚ್ಚುಕಡಿಮೆ ಎಲ್ಲ ರಾಜ್ಯಗಳೂ ಅದನ್ನು ಒಪ್ಪಿವೆ. ಒಳ್ಳೆಯದು ಎಲ್ಲಿದ್ದರೂ ತರಬೇಕು.

‘ಹೊಡೆತ ತಾಳಲಾರದೆ ಮಗುವನ್ನೆತ್ತಿಕೊಂಡು ತವರಿಗೆ ಓಡಿಬಂದವಳ ಗತಿಯೇನು?’ ಎಂದು ನಮ್ಮ ಅಕ್ಕತಂಗಿಯರು ಕೇಳಬಹುದು. ಕೇಳಲೇಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಂತೆ ಆಕೆ ತಾತ್ಕಾಲಿಕವಾಗಿ ಇರುವ ಊರಿನಲ್ಲಿಯೇ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಅವರು ಮಗುವನ್ನು ತಾತ್ಕಾಲಿಕವಾಗಿ ಆಕೆಯ ವಶಕ್ಕೆ ಕೊಡಬಹುದು. ಯಾವ ಹೊಸ ನಿಯಮವೂ ಈ ರಕ್ಷಣೆಯನ್ನು ಕಿತ್ತುಕೊಳ್ಳಕೂಡದು. ಜೀವ ಉಳಿಸಿಕೊಳ್ಳಲು ಓಡಿಬಂದದ್ದು ಕಳವಲ್ಲ.

14ನೆಯ ಕಲಮಿನಿಂದ ಸರ್ಕಾರಗಳನ್ನು ತೆಗೆದುಹಾಕಿ, ಎರಡು ಕೋರ್ಟುಗಳ ನ್ಯಾಯಾಧೀಶರೇ ಮಾತಾಡಿಕೊಂಡು ಗೊತ್ತಾದ ಅವಧಿಯೊಳಗೆ ಇತ್ಯರ್ಥ ಮಾಡುವಂತಾಗಲಿ. 2020ರ ಕೋವಿಡ್ ಕಾಲದಲ್ಲಿ ವಿಡಿಯೋ ಮೂಲಕ ಕಲಾಪ ನಡೆಸಿದ ಕೋರ್ಟುಗಳು ದೂರದ ಬಡ ಕಕ್ಷಿದಾರನ ಹೇಳಿಕೆಯನ್ನು ಅವನ ಊರಿನ ಕೋರ್ಟಿನಿಂದಲೇ ಪಡೆಯಲಿ. ಮೊಕದ್ದಮೆ ಮುಗಿಯುವತನಕ ಮಗು ಇನ್ನೊಬ್ಬ ಪಾಲಕರನ್ನು ಕಾಣುವ, ಮಾತಾಡಿಸುವ ಏರ್ಪಾಡು ಮೊದಲ ವಾಯಿದೆಯಲ್ಲಿಯೇ ಆಗಲಿ. ಮಗುವಿನ ಹಿತವೇ ಪರಮವೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಕಾಯಿದೆ ಸಾರಿದೆ. ಅಪ್ಪನ ಮುಖ ಮರೆತ ಮಗುವಿಗೆ, ಅವ್ವನ ದನಿ ಮರೆತ ಮಗುವಿಗೆ ತಡವಾಗಿ ಬಂದ ತೀರ್ಪಿನಿಂದ ಯಾವ ಹಿತ?

ಕಾಯಿದೆ ತಿದ್ದುವತನಕ ಕೈಕಟ್ಟಿ ಕೂರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರು, ಮಕ್ಕಳು ಮತ್ತು ಕೈಗಾರಿಕಾ ಕಾರ್ಮಿಕರು ಉಚಿತ ವಕೀಲರನ್ನು ಪಡೆಯಲು ಹಕ್ಕುಳ್ಳವರು. ಸುಪ್ರೀಂ ಕೋರ್ಟಿನಲ್ಲಿಯೂ ಇದಕ್ಕೆ ಸಮಿತಿಯಿದೆ. ಗಿರಣಿಯ ಯೂನಿಯನ್ನುಗಳೂ ವರ್ತಕರ ಸಂಘಗಳೂ ಈ ಮಾತನ್ನು ಗೇಟಿನ ಬೋರ್ಡಿನ ಮೇಲೆ ಬರೆಸಲಿ. ಇಂಥ ತೊಂದರೆಯಲ್ಲಿರುವವರನ್ನು ಜಿಲ್ಲಾ ಪ್ರಾಧಿಕಾರದ ಕಚೇರಿಗೆ ಕರೆದೊಯ್ಯಲಿ. ನಮ್ಮ ಲೋಕಸಭಾ ಸದಸ್ಯರು ಓಟು ಕೇಳಲು ಬಂದಾಗ 1890ರ ಆ 14ನೆಯ ಕಲಮನ್ನು ಓದಿದ್ದೀರಾ ಎಂದು ಎದುರು ನಿಂತು ಕೇಳಲಿ.