ಐರಾಣಿ ಹೋಯ್ತು, ತೊಲದ ಲೆಕ್ಕ ಉಳೀತು

ಫೆಬ್ರವರಿ ಬಂತಂದ್ರ ನಮ್ಮ ಕ್ಲಾಸಿನ ಹಿಂದಿನ ಎರಡು ಸಾಲು ಖಾಲಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಬಂದ ನಮಗೆಲ್ಲ ಅಲ್ಲಿಂದ ಮೇ ಮುಗಿಯೋ ತನಕ ಮದುವೆಗಳದ್ದೇ ಒಂದು ಸೆಮಿಸ್ಟರ್. ತೊಗರಿ ರಾಶಿ ಮುಗಿದು ಕೈಯಾಗ ನಾಲ್ಕು ರೊಕ್ಕ ಬಂದಿರ್ತಾವ, ಹೊಲದ ಕೆಲಸ ಕಡಿಮಿ ಆಗಿರ್ತದ. ಹಿಂಗಾಗಿ ನಮ್ಮ ಭಾಗದ ಮದುವೆಗಳೆಲ್ಲ ಸುಡುಬಿಸಿಲಿಗೇ ಬಂದು ಬೀಳ್ತಾವ. ಮೇ ತಿಂಗಳ ಮಧ್ಯಾಹ್ನ 12 ಗಂಟೆ 32 ನಿಮಿಷಕ್ಕೆ ಅಕ್ಕಿಕಾಳು! ಆ ಮುಹೂರ್ತ ತೆಗೆದವರು ಬರಿಗಾಲಲ್ಲಿ ಶಹಾಬಾದ್ ಪರಸಿ ಮ್ಯಾಲ ಒಂದೇ ನಿಮಿಷ ನಿಂತು ತೋರಿಸಬೇಕು ಅನ್ನೋದು ನಮ್ಮ ಬಹಳ ದಿನದ ಬೇಡಿಕೆ.

ಈ ಸಲ ಸಂಘದ ಹರಟೆಯಲ್ಲಿ ಇದೇ ಮಾತು ಬಂತು. ಈ ಪದ್ಧತಿಗಳೆಲ್ಲ ಇನ್ನೂ ಬೇಕಾ? ಅರ್ಧ ಮಂದಿ "ಎಲ್ಲಾ ಬಿಟ್ಟು ರಿಜಿಸ್ಟರ್ ಆಫೀಸಿಗೆ ಹೋಗ್ರಿ" ಅಂದರು. ಇನ್ನರ್ಧ ಮಂದಿ "ಸಂಪ್ರದಾಯ ಅಂದ್ರ ಸಂಪ್ರದಾಯ" ಅಂದರು. ಜಗಳ ಹರಿಯಲಿಲ್ಲ. ಕಡೆಗೆ ಒಂದು ಕೆಲಸ ಮಾಡಿದೆವು. ರಜೆಗೆ ಊರಿಗೆ ಹೋದಾಗ ಒಬ್ಬೊಬ್ಬರೂ ಮನೆಯ ಆಯಿಯ ಹತ್ತಿರ ಕುಂತು, ಆಕೆಯ ಮದುವೆಯಲ್ಲಿ ಏನೇನು ನಡೀತು ಅಂತ ಕೇಳಿ ಬರೆದುಕೊಂಡು ಬಂದೆವು. ಅದರ ಪಕ್ಕಕ್ಕೆ ಹೋದ ವರ್ಷ ನಾವು ಉಂಡು ಬಂದ ಮದುವೆಗಳನ್ನ ಇಟ್ಟು ನೋಡಿದೆವು.

ನೋಡಿದಾಗ ಗೊತ್ತಾಗಿದ್ದು ಇಷ್ಟು: ರೊಕ್ಕ ಬೇಡದ ಪದ್ಧತಿಗಳನ್ನೆಲ್ಲ ನಾವು "ಹಳೇದು" ಅಂತ ಬಿಟ್ಟೀವಿ. ರೊಕ್ಕ ಬೇಡುವ ಪದ್ಧತಿಗಳನ್ನೆಲ್ಲ "ಸಂಪ್ರದಾಯ" ಅಂತ ಇಟ್ಟುಕೊಂಡೀವಿ.

ಐರಾಣಿಯನ್ನೇ ತಗೊಳ್ರಿ. ಮದುವೆಗೆ ಮುಂಚೆ ಮನೆಯ ಹೆಣ್ಣುಮಕ್ಕಳು, ಓಣಿಯ ಹೆಣ್ಣುಮಕ್ಕಳು ಬಾಜಾ ಹಚ್ಚಿಕೊಂಡು ಕುಂಬಾರರ ಮನೆಗೆ ಹೋಗಿ, ಚಿತ್ತಾರ ಬರೆದ ಮಣ್ಣಿನ ಗಡಿಗೆಗಳನ್ನ ಹೊತ್ತು ತರೋದು. ಕುಂಬಾರರಿಗೆ ಕಾಳು, ಬಟ್ಟೆ, ಎಲೆ ಅಡಿಕೆ ಕೊಟ್ಟು ಮರ್ಯಾದೆ ಮಾಡೋದು. ಆ ಗಡಿಗೆ ಮನೆಗೆ ಬರೋ ತನಕ ಮದುವೆಮನೆಗೆ ಕಳೆ ಇಲ್ಲ. ಚಿತ್ತಾಪುರ ಕಡೆಯ ಒಬ್ಬ ಆಯಿ ಹೇಳಿದ್ದು, "ನನ್ನ ಮದವಿ ಅಂತ ನನಗ ಗೊತ್ತಾಗಿದ್ದೇ ಐರಾಣಿ ಬಂದಾಗ." ಈಗ ಎಷ್ಟೋ ಮದುವೆಯಲ್ಲಿ ಗಡಿಗೆ ಅಂಗಡಿಯಿಂದ ಆಟೋದಾಗ ಬರ್ತದ. ಕೆಲವು ಕಡೆ ಅದೂ ಇಲ್ಲ, ಸ್ಟೇಜ್ ಡೆಕೋರೇಶನ್ನಿನವರೇ ಥರ್ಮಾಕೋಲಿನ ಗಡಿಗೆ ಇಟ್ಟಿರ್ತಾರ. ಮುಟ್ಟಿದರ ಪೇಂಟು ಕೈಗೆ ಹತ್ತುತ್ತದ.

ಹಂದರದ ಕಥೆಯೂ ಅದೇ. ಹಂದರ ಹಾಕೋದಂದ್ರ ಮನೆಯ ಅಳಿಯಂದಿರು, ಬೀಗರು, ಗೆಳೆಯರು ಕೂಡಿ ಮಾಡೋ ಒಂದು ದಿನದ ಕೆಲಸ. ಹಾಲಗಂಬ ನೆಟ್ಟು, ತೊಪ್ಪಲು ಹೊದಿಸಿ, ಸಂಜಿಗೆ ಎಲ್ಲಾರೂ ಕುಂತು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ತಿಂದು ಏಳೋದು. ಈಗ ಹಾಲಿನವರು ಹೇಳ್ತಾರ, ಬೆಳಿಗ್ಗೆ 6ಕ್ಕೆ ಬೀಗ ತೆಗೀತೀವಿ, ಸಂಜಿ 5ಕ್ಕೆ ಖಾಲಿ ಮಾಡ್ರಿ, ಸಂಜಿಗೆ ಇನ್ನೊಂದು ರಿಸೆಪ್ಶನ್ ಅದ.

ಎಲ್ಲಾ ಜಾತಿ, ಎಲ್ಲಾ ಧರ್ಮದವರ ಪದ್ಧತಿ ಒಂದೇ ಅಲ್ಲ, ಗೊತ್ತದ. ವಾಡಿಯಿಂದ ಸಿಕಂದರಾಬಾದಿಗೆ ಹೋಗೋ ರೈಲಿನ ದಾರಿ ಚಿತ್ತಾಪುರ, ಸೇಡಂ ದಾಟಿ ತಾಂಡೂರಿಗೆ ಮುಟ್ಟುತ್ತದ. ಆ ದಾರಿಯುದ್ದಕ್ಕೂ ತೆಲುಗು ಬೀಗಸ್ತನ ಇರೋ ಮನೆಗಳವ. ಅಲ್ಲಿ ಮುಹೂರ್ತಕ್ಕ ಗಂಡು-ಹೆಣ್ಣು ಒಬ್ಬರ ತಲೆ ಮ್ಯಾಲೊಬ್ಬರು ಜೀರಿಗೆ-ಬೆಲ್ಲ ಇಡ್ತಾರ. ಚಿಂಚೋಳಿ, ಚಿತ್ತಾಪುರದ ತಾಂಡಾಗಳಿಂದ ಬಂದ ನಮ್ಮ ಗೆಳೆಯರು ಢಾವಲೋ ಬಗ್ಗೆ ಹೇಳಿದರು. ಮದುವಣಗಿತ್ತಿ ತವರು ಬಿಟ್ಟು ಹೋಗುವಾಗ ಒಬ್ಬೊಬ್ಬರನ್ನೂ ತಬ್ಬಿಕೊಂಡು ಅಳುತ್ತಾ ಹಾಡೋ ಹಾಡು ಅದು. ಅದನ್ನ ಹಿರಿಯ ಹೆಣ್ಣುಮಕ್ಕಳು ಹುಡುಗಿಗೆ ಮೊದಲೇ ಕಲಿಸಿರ್ತಿದ್ದರಂತ. ಈಗ ಬಹಳ ಹುಡುಗಿಯರಿಗೆ ಬರೋದಿಲ್ಲ. ಗೆಳೆಯ ಹೇಳಿದ, "ನನ್ನ ಅಕ್ಕನ ಮದವ್ಯಾಗ ಢಾವಲೋ ಹಾಡಿದ್ದು ಆಯಿ, ಅಕ್ಕ ಅಲ್ಲ. ಡಿಜೆ ಸೌಂಡಿಗೆ ಅದೂ ಕೇಳಲಿಲ್ಲ."

ಡಿಜೆ ವಿಷಯಕ್ಕೆ ನಾವು ಹೆಚ್ಚು ಹೇಳೋದಿಲ್ಲ, ಯಾಕಂದ್ರ ಮುಂದಿನ ಸಾಲಿನಲ್ಲಿ ಕುಣಿದವರೂ ನಾವೇ.

ನಮಗೆಲ್ಲ ಬಹಳ ಹೊಟ್ಟೆ ಉರಿದಿದ್ದು ಒಡಪಿನ ವಿಷಯದಲ್ಲಿ. ಗಂಡನ ಹೆಸರು ಹೇಳಬಾರದು ಅನ್ನೋ ಕಟ್ಟಳೆ ಒಳ್ಳೇದೇನಲ್ಲ. ಆದರ ನಮ್ಮ ಹೆಣ್ಣುಮಕ್ಕಳು ಆ ಕಟ್ಟಳೆಯನ್ನೇ ಆಟ ಮಾಡಿದರು. ಪ್ರಾಸ ಕಟ್ಟಿ, ಬೀಗರನ್ನ ಕುಟುಕಿ, ಕಡೆಗೆ ಹೆಸರು ತಂದು ಹಾಕೋದು. ಬಾಗಿಲಲ್ಲಿ ಹಿಡಿದು ನಿಲ್ಲಿಸಿದಾಗ, ಉಣ್ಣಾಕ ಕುಂತಾಗ, ಬೀಗತಿಯರ ಮುಂದೆ, ಎಲ್ಲಿ ಬೇಕಾದಲ್ಲಿ ಕೇಳ್ತಾರ. ಗಂಡಿಗೂ ಬಿಡೋದಿಲ್ಲ. ಹೋದ ವರ್ಷ ಒಂದು ಮದುವೆಯಲ್ಲಿ ನಮ್ಮ ಸೀನಿಯರ್ ಒಬ್ಬನ ಹೆಂಡತಿ, ಆಕೆಯೂ ಇಂಜಿನಿಯರೇ, ಹೀಂಗ ಹಾಕಿದಳು: "ವಾಡಿ ಜಂಕ್ಷನ್ನಿಗೆ ಬರೋ ಗಾಡಿ ಎಷ್ಟೋ, ನಮ್ಮ ರಾಯರ ಬ್ಯಾಕ್‌ಲಾಗ್ ಅಷ್ಟೋ, ಲೇಟಾದರೂ ಎಲ್ಲಾ ಬಂದು ಮುಟ್ಟ್ಯಾವ, ಹೆಸರು ಹೇಳ್ತೀನಿ ಕೇಳ್ರಿ." ಹಂದರ ಬಿದ್ದು ಬಿದ್ದು ನಕ್ಕಿತು. ಈಗ ಆಕೆ ದಿನಾ ಗಂಡನ್ನ ಹೆಸರು ಹಿಡಿದೇ ಕರೀತಾಳ. ಕಟ್ಟಳೆ ಹೋದರೂ ಆಟ ಉಳೀಬಹುದು ಅನ್ನೋದಕ್ಕ ಇದಕ್ಕಿಂತ ಬೇರೆ ಪುರಾವೆ ನಮಗ ಬೇಕಿಲ್ಲ.

ನಮ್ಮಲ್ಲೊಬ್ಬ ಚೀನಾದ ಮದುವೆಯ ವಿಡಿಯೋ ತೋರಿಸಿದ. ಅಲ್ಲಿ ಗಂಡು ಹೆಣ್ಣನ್ನ ಕರೆಯಾಕ ಬಂದಾಗ ಆಕೆಯ ಗೆಳತಿಯರು ಬಾಗಿಲಿಗೆ ಅಡ್ಡ ನಿಲ್ತಾರ. ಅವರು ಹೇಳಿದ ಹಾಡು ಹಾಡಿ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು, ಕೆಂಪು ಲಕೋಟೆಯಾಗ ರೊಕ್ಕ ಕೊಟ್ಟ ಮ್ಯಾಲೇ ಒಳಗ. "ಅರೆ, ಇದು ನಮ್ಮ ಬಾಗಿಲು ತಡೆಯೋದಲ್ಲಾ!" ಅಂತ ಎಲ್ಲಾರೂ ಕೂಗಿದೆವು. ನಮ್ಮಲ್ಲಿ ಗಂಡಿನ ತಂಗಿ ಹೊಸ್ತಿಲಿಗೆ ಅಡ್ಡ ನಿಂತು, "ನಿನಗ ಮಗಳು ಹುಟ್ಟಿದರ ನನ್ನ ಮಗನಿಗೆ ಕೊಡ್ತೀನಿ ಅನ್ನು, ಆಮ್ಯಾಲ ಒಳಗ ಬಾ" ಅಂತಾಳ. (ಆ ಮಾತನ್ನ ಈಗ ಖರೇ ನಡೆಸಬೇಡ್ರಿ, ನಕ್ಕು ಬಿಟ್ಟುಬಿಡ್ರಿ. ಹತ್ತಿರದ ರಕ್ತಸಂಬಂಧದ ತೊಂದರೆ ನಮ್ಮ ಮನೆಗಳಲ್ಲೇ ನೋಡೀವಿ.)

ಚೀನಾದ ಕಥೆಗೆ ಇನ್ನೊಂದು ಮುಖ ಅದ. ಅಲ್ಲಿ ಗಂಡಿನ ಮನೆಯವರು ಹೆಣ್ಣಿನ ಮನೆಗೆ ರೊಕ್ಕ ಕೊಡಬೇಕು, ಅದಕ್ಕ ಚೈಲಿ ಅಂತಾರ. ಹಿಂದೆ ಉಡುಗೊರೆ ಅಷ್ಟೇ ಆಗಿದ್ದದ್ದು ಈಗ ಹಳ್ಳಿ ಮನೆಗಳನ್ನ ಸಾಲಕ್ಕ ನೂಕೋ ಮೊತ್ತ ಆಗ್ಯಾದ. 2021ರಿಂದ ಜಾರಿಗೆ ಬಂದ ಅವರ ನಾಗರಿಕ ಸಂಹಿತೆ ಮದುವೆಯ ನೆಪದಲ್ಲಿ ರೊಕ್ಕ ವಸೂಲಿ ಮಾಡಬಾರದು ಅಂತದ. 2024ರ ಫೆಬ್ರವರಿಯಿಂದ ಚೈಲಿ ಜಗಳಗಳಿಗೇ ಅಂತ ಅಲ್ಲಿನ ಸುಪ್ರೀಂ ಕೋರ್ಟಿನ ಬೇರೆ ನಿಯಮಗಳೂ ಬಂದಾವ. ಅವರ ರೊಕ್ಕ ಹೋಗೋ ದಿಕ್ಕು ಬೇರೆ, ನಮ್ಮದು ಬೇರೆ. ಹೊಲ ಮಾರೋ ಅಪ್ಪ ಮಾತ್ರ ಎರಡೂ ಕಡೆ ಇದ್ದಾನ.

ನಮ್ಮಲ್ಲೂ ಆ ದಿಕ್ಕು ಮೊದಲು ಹೀಂಗಿರಲಿಲ್ಲ. ಇದನ್ನ ಕೇಳಿ ನಾವೇ ಬೆರಗಾದೆವು. ಕನ್ನಡ ನಾಡಿನ ಎಷ್ಟೋ ಸಮುದಾಯಗಳಲ್ಲಿ 'ತೆರ' ಅಂತ ಇತ್ತು, ಗಂಡಿನವರು ಹೆಣ್ಣಿನ ಮನೆಗೆ ಕೊಡೋದು. ಲಂಬಾಣಿಗರಲ್ಲೂ ಗಂಡಿನ ಕಡೆಯವರೇ ಎತ್ತು, ರೊಕ್ಕ ಕೊಡ್ತಿದ್ದರು. ಮುಸಲ್ಮಾನರಲ್ಲಿ ಇವತ್ತಿಗೂ ಮೆಹರ್ ಗಂಡಿನಿಂದ ಹೆಣ್ಣಿಗೆ ಸಲ್ಲಬೇಕಾದದ್ದು. ಆದರ ನಿಜಾಮರ ಕಾಲದ ಈ ಹೈದರಾಬಾದ್ ಸೀಮೆಯಾಗ 'ಜೋಡೆ ಕಿ ರಕಮ್' ಅಂತ ಒಂದು ಸೇರಿಕೊಂಡು ಉಲ್ಟಾ ಹರೀತದ. ಅಂದ್ರ ಯಾವ ವರದಕ್ಷಿಣೆಯನ್ನ ನಮ್ಮ ಹಿರಿಯರು "ಮೊದಲಿಂದ ನಡಕೊಂಡು ಬಂದದ್ದು" ಅಂತಾರೋ, ಅದು ಎಷ್ಟೋ ಮನೆಗಳಲ್ಲಿ ಆಯಿಯ ಐರಾಣಿಗಿಂತ ಹೊಸದು. ಹಳೇದನ್ನ ಹಳೇದು ಅಂತ ಬಿಟ್ಟು, ಹೊಸದನ್ನ ಸಂಪ್ರದಾಯ ಅಂತ ಪೂಜೆ ಮಾಡೀವಿ.

ಈಗ ನಮ್ಮ ಸುದ್ದಿಗೆ ಬರೋಣ. ಇಲ್ಲಿ ಬರೆಯಾಕ ಸ್ವಲ್ಪ ನಾಚಿಕೆ ಆಗ್ತದ, ಆದರೂ ಬರೀತೀವಿ. ವರದಕ್ಷಿಣೆಯ ರೇಟು ಏರಿಸಿದವರಲ್ಲಿ ನಾವೂ ಒಬ್ಬರು. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಒಬ್ಬನಿಗೆ ಬೆಂಗಳೂರು ಕಂಪನಿಯ ಲೆಟರ್ ಬಂತಂದ್ರ ಆ ಸುದ್ದಿ ಊರಿಗೆ ಆತನಿಗಿಂತ ಮೊದಲು ಮುಟ್ಟುತ್ತದ. ವಾರದೊಳಗ ಸಂಬಂಧಗಳು ಬರ್ತಾವ. "ಪ್ಯಾಕೇಜ್ ಎಷ್ಟು?" ಅಂತ ಕೇಳ್ತಾರ. ಆ ಪ್ಯಾಕೇಜಿನ ಮ್ಯಾಲ ಈ ಪ್ಯಾಕೇಜ್ ನಿಲ್ತದ: ಇಷ್ಟು ತೊಲ ಬಂಗಾರ, ಇಂಥಾ ಕಾರು, ಇಂಥಾ ಹಾಲು. ಹಿರಿಯರು ಪಡಸಾಲೆಯಾಗ ಕುಂತು ಮಾತಾಡುವಾಗ ಹುಡುಗ ಒಳಗ ಮೊಬೈಲ್ ನೋಡ್ತಾ ಕುಂತಿರ್ತಾನ. ನಂತರ ಗೆಳೆಯರ ಮುಂದೆ ಹೇಳ್ತಾನ, "ನಾ ಏನೂ ಕೇಳಿಲ್ಲಪಾ, ಅವರೇ ಪ್ರೀತಿಯಿಂದ ಕೊಟ್ಟರು." ಈ ವಾಕ್ಯವನ್ನ ನಾವು ನಾಲ್ಕು ವರ್ಷದಾಗ ಎಷ್ಟು ಸಲ ಕೇಳೀವಿ ಅಂದ್ರ, ಅದಕ್ಕೊಂದು ಕೋರ್ಸ್ ಕೋಡ್ ಕೊಡಬಹುದು.

1961ರ ವರದಕ್ಷಿಣೆ ನಿಷೇಧ ಕಾಯ್ದೆ ತಗೊಂಡವರನ್ನಷ್ಟೇ ಅಲ್ಲ, ಕೊಟ್ಟವರನ್ನೂ ಅಪರಾಧಿ ಅಂತದ. ಕನಿಷ್ಠ 5 ವರ್ಷ ಜೈಲು, ಜೊತೆಗೆ 15,000 ರೂಪಾಯಿ ಇಲ್ಲವೇ ವರದಕ್ಷಿಣೆಯ ಮೌಲ್ಯ, ಯಾವುದು ಹೆಚ್ಚೋ ಅಷ್ಟಾದರೂ ದಂಡ. ಸುಮ್ಮನೆ ಕುಂತಿದ್ದೆ ಅನ್ನೋದು ಉತ್ತರ ಆಗೋದಿಲ್ಲ. ಆದರ ನಮಗ ಕಾಯ್ದೆಗಿಂತ ಹೆಚ್ಚು ಚುಚ್ಚಿದ್ದು ನಮ್ಮ ಬ್ಯಾಚಿನ ಹುಡುಗಿಯೊಬ್ಬಳ ಮಾತು. ಆಕೆಗೂ ಹುಡುಗನಿಗೂ ಒಂದೇ ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕಿತ್ತು, ಸಂಬಳ ಹೆಚ್ಚುಕಡಿಮೆ ಅಷ್ಟೇ. ಮಾತುಕತೆಯಲ್ಲಿ ಆಕೆಯ ಅಪ್ಪ ಎರಡು ಎಕರೆ ತೊಗರಿ ಹೊಲದ ಲೆಕ್ಕ ಹಾಕಬೇಕಾಯಿತು. ಆಕೆ ಅಂದಳು, "ನನ್ನ ಡಿಗ್ರಿಗೆ ಅಪ್ಪ ಬ್ಯಾಂಕಿನ ಸಾಲ ಕಟ್ಟಲಿಕ್ಕೆ ಹತ್ಯಾರ. ಅವನ ಡಿಗ್ರಿಗೂ ನಮ್ಮಪ್ಪನೇ ಕಟ್ಟಬೇಕೇನು?" ನಮ್ಮಲ್ಲಿ ಯಾರಿಗೂ ಉತ್ತರ ಹೊಳೀಲಿಲ್ಲ. ಆ ಸಂಬಂಧ ಮುರೀತು. ಊರಾಗ ತಪ್ಪು ಆಕೆಯದೇ ಆಯಿತು.

ಇದಕ್ಕೆ ಹೋಲಿಸಿದರ ಮುಯ್ಯಿ ಎಷ್ಟು ಚಂದದ ವ್ಯವಸ್ಥೆ ನೋಡ್ರಿ. ಮದುವೆ ದಿನ ಮೈಕಿನಲ್ಲಿ ಕೂಗ್ತಾರ, ಇಂಥವರಿಂದ 101 ರೂಪಾಯಿ ಆಯೇರಿ, ಇಂಥವರಿಂದ ಒಂದು ಸೀರೆ. ಎಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡ್ತಾರ. ನಾಳೆ ಅವರ ಮನೆಯಲ್ಲಿ ಮದುವೆ ಆದಾಗ ಅಷ್ಟು, ಇಲ್ಲಾ ಸ್ವಲ್ಪ ಹೆಚ್ಚು ತಿರುಗಿ ಕೊಡಬೇಕು. ಬಡ್ಡಿ ಇಲ್ಲ, ಅಡವು ಇಲ್ಲ, ಇಡೀ ಊರು ಒಂದು ಮನೆಯ ಖರ್ಚನ್ನ ಹಂಚಿಕೊಂಡು ಹೊರೋದು. ಸೇಡಂ ಹತ್ತಿರದ ಒಂದು ಮನೆಯಲ್ಲಿ ಮೂವತ್ತು ವರ್ಷದ ಹಳೇ ಮುಯ್ಯಿ ಪಟ್ಟಿ ನೋಡಿದೆವು. 5 ರೂಪಾಯಿ, 11 ರೂಪಾಯಿ, ಒಂದು ಸೇರು ಬೇಳೆ, ಒಂದು ಕುಪ್ಪಸದ ಖಣ. ಪ್ರತಿ ಹೆಸರಿನ ಮುಂದೆ ಮುತ್ಯಾ ತಿರುಗಿ ಕೊಟ್ಟಾಗ ಹಾಕಿದ ಗೀಟು. ಕೆಲವರು ಈಗ ಕಾರ್ಡಿನ ಮ್ಯಾಲ "ಉಡುಗೊರೆ ಬೇಡ, ಆಶೀರ್ವಾದ ಸಾಕು" ಅಂತ ಅಚ್ಚು ಹಾಕಿಸ್ತಾರ. ಓದಾಕ ದೊಡ್ಡತನ. ನಮಗೇನೋ ಬೀಗರಿಂದ ಲಕ್ಷಗಟ್ಟಲೆ ತಗೊಂಡು, ಓಣಿಯವರ 101 ರೂಪಾಯಿ ಬೇಡ ಅನ್ನೋದರಲ್ಲಿ ದೊಡ್ಡತನ ಕಾಣಲಿಲ್ಲ.

ಹಂಗಂತ ಹಳೇದೆಲ್ಲ ಹೊನ್ನು ಅಂತ ನಾವು ಹೇಳೋದಿಲ್ಲ. ಹುಡುಕಿದರ ಸರಳ ಮದುವೆಗೂ ನಮ್ಮಲ್ಲಿ ದಾರಿ ಅದ. ಕುವೆಂಪು ಅವರು 1966ರಲ್ಲೇ ಮಗ ತೇಜಸ್ವಿಯವರ ಮದುವೆಯನ್ನ ಮಂತ್ರಮಾಂಗಲ್ಯದ ರೀತಿ ಮಾಡಿ ತೋರಿಸಿದರು. ಚಿಂಚೋಳಿಯಿಂದ ಬಸವಕಲ್ಯಾಣ ದೂರೇನಲ್ಲ. ಹನ್ನೆರಡನೇ ಶತಮಾನದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಗೆ ಆ ಊರು ಏನು ಬೆಲೆ ಕೊಟ್ಟಿತು ಅಂತ ಶರಣರ ಕಥೆ ಕೇಳಿದ ನಮಗೆಲ್ಲ ಗೊತ್ತದ. ಮದುವೆಯ ಪದ್ಧತಿ ಯಾರನ್ನ ಒಳಗ ಕರೀತದ, ಯಾರನ್ನ ಹೊರಗ ನಿಲ್ಲಿಸ್ತದ ಅನ್ನೋದು ಇವತ್ತಿನ ಪ್ರಶ್ನೆ ಅಲ್ಲ.

ಆ ಪ್ರಶ್ನೆ ನಮಗ ಎದುರಾಗಿದ್ದು ಸುರಗಿಯಲ್ಲಿ. ನಾಲ್ಕು ಮೂಲಿಗೆ ತಂಬಿಗೆ ಇಟ್ಟು, ಸುತ್ತಲೂ ನೂಲು ಸುತ್ತಿ, ನಡುವೆ ಮದುಮಗಳನ್ನ ಕೂಡಿಸಿ ಅರಿಶಿಣ ಹಚ್ಚಿ ನೀರು ಹಾಕ್ತಾರ. ನೂಲು ಸುತ್ತೋರು ಐದು ಮಂದಿ ಮುತ್ತೈದೆಯರು. ನಮ್ಮ ಸಂಘದ ಗೆಳತಿಯೊಬ್ಬಳ ತಂದೆ ತೀರಿಕೊಂಡು ಒಂಬತ್ತು ವರ್ಷ ಆಯಿತು. ದೊಡ್ಡಕ್ಕನ ಮದುವೆಯಲ್ಲಿ ಆಕೆಯ ಅವ್ವ, ಹೊಲಿಗೆ ಮಿಷನ್ ತುಳಿದು ಮೂರು ಮಕ್ಕಳನ್ನ ಓದಿಸಿದಾಕೆ, ಸುರಗಿ ಹೊತ್ತಿಗೆ ಅಡಿಗೆಮನೆಯಾಗ ಹುಗ್ಗಿ ತಿರುವುತ್ತಾ ನಿಂತಿದ್ದಳು. ಯಾರೂ "ಹೊರಗ ಬರಬೇಡ" ಅಂತ ಹೇಳಿರಲಿಲ್ಲ. ಹೇಳುವ ಜರೂರೇ ಇರಲಿಲ್ಲ. ಬಂಗಾರ ಎಷ್ಟು ಕೊಡಬೇಕು ಅಂತ ಮಾತಾಡುವಾಗ ಮಾತ್ರ ಆಕೆಯನ್ನ ಮುಂದೆ ಕೂಡಿಸಿದ್ದರು.

ಎಲ್ಲಾ ಪದ್ಧತಿ ಬಿಡ್ರಿ ಅನ್ನೋರು ಇದನ್ನೇ ತೋರಿಸಿ ಸುರಗಿಯನ್ನೇ ಬಿಡ್ರಿ ಅಂತಾರ. ನಾವು ಒಪ್ಪೋದಿಲ್ಲ. ಸುರಗಿ ಬಿಟ್ಟರೂ ಆ ಅವ್ವನಿಗೆ ಸಿಗೋದೇನೂ ಇಲ್ಲ, ಹಾಲಿನಲ್ಲಿ ಫೋಟೋಗ್ರಾಫರ್ ಆಕೆಯನ್ನ ಮತ್ತೆ ಪಕ್ಕಕ್ಕೇ ಸರಿಸ್ತಾನ. ಆಕೆಯ ಕೈಗೆ ಆ ನೂಲಿನ ಉಂಡಿ ಕೊಡಬೇಕು ಅನ್ನೋದು ನಮ್ಮ ಮಾತು. ಅದಕ್ಕ ಒಂದು ಪೈಸೆ ಖರ್ಚಿಲ್ಲ. ಬಹುಶಃ ಅದಕ್ಕೇ ಅಷ್ಟು ಕಷ್ಟ.

ಏಪ್ರಿಲ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಅದೇ ಮನೆಯಲ್ಲಿ ಎರಡನೇ ಅಕ್ಕನ ಮದುವೆ. ಹುಡುಗ ಡಿಪ್ಲೊಮಾ ಮಾಡಿದವ, ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ, ಏನೂ ಬೇಡ ಅಂದಾನ. ಮನೆ ಮುಂದೆಯೇ ಹಂದರ. ಮದುಮಗಳು ಒಂದೇ ಷರತ್ತು ಹಾಕ್ಯಾಳ: ಸುರಗಿ ನೂಲು ಮೊದಲು ಅವ್ವ ಸುತ್ತಬೇಕು, ಇಲ್ಲಾಂದ್ರ ತಾನು ಕೂಡೋದಿಲ್ಲ. ಸೋದರಮಾವ ಇನ್ನೂ ಹೂಂ ಅಂದಿಲ್ಲ. ದೊಡ್ಡಪ್ಪ "ನೋಡೋಣು" ಅಂದಾರ. ಅವ್ವ ತಾನೇ "ಬ್ಯಾಡ ಬಿಡವ್ವಾ, ನನ್ನ ಸಲುವಾಗಿ ನಿನಗ ಅಪಶಕುನ ಆಗಬಾರದು" ಅಂತ ದಿನಾ ಫೋನಿನಲ್ಲಿ ಅಳ್ತಾಳಂತ.

ನಾವು ಹನ್ನೊಂದು ಮಂದಿ ಎರಡು ದಿನ ಮೊದಲೇ ಹೋಗಲಿಕ್ಕೆ ಹತ್ತೀವಿ. ಹಂದರ ಹಾಕಬೇಕು, ಐರಾಣಿ ತರಬೇಕು. ಅಟೆಂಡೆನ್ಸ್ ಶಾರ್ಟೇಜ್ ಆದರ ಎಚ್‌ಒಡಿ ಸರ್‌ಗೆ ಈ ಲೇಖನವನ್ನೇ ತೋರಿಸ್ತೀವಿ.