ಟಿಎಂಸಿ ಲೆಕ್ಕ ಸಾಕು, ಡಿಗ್ರಿ ಲೆಕ್ಕ ಕೊಡಿ

ಮೇಕೆದಾಟು ಯೋಜನೆಯ ವಿರುದ್ಧ ತಮಿಳುನಾಡು ಸಲ್ಲಿಸಿದ್ದ ಅರ್ಜಿ ಅವಧಿಪೂರ್ವ ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇ ತಡ, ನಮ್ಮಲ್ಲಿ ಮತ್ತೆ ಟಿಎಂಸಿ ಲೆಕ್ಕ ಶುರುವಾಯಿತು. ಸಂಗ್ರಹ 67.16 ಟಿಎಂಸಿ, ಬೆಂಗಳೂರಿಗೆ 4.75, ಜೊತೆಗೆ 400 ಮೆಗಾವಾಟ್ ವಿದ್ಯುತ್. ವಿರೋಧಿಸುವವರು ಮುಳುಗುವ ಕಾಡಿನ ವಿಸ್ತೀರ್ಣ ಹೇಳುತ್ತಾರೆ, ಆನೆಗಳ ದಾರಿ ತೋರಿಸುತ್ತಾರೆ. ಕಟ್ಟೆಯಿಂದ ನದಿಗೆ ಬಿಡುವ ನೀರು ಎಷ್ಟು ಡಿಗ್ರಿ ಇರುತ್ತದೆ ಎಂದು ಮಾತ್ರ ಎರಡೂ ಕಡೆಯವರು ಕೇಳುವುದಿಲ್ಲ. ಈ ಪ್ರಶ್ನೆಗೆ ಉತ್ತರವಿಲ್ಲದ ವಿಸ್ತೃತ ಯೋಜನಾ ವರದಿಗೆ, ಅಂದರೆ ಡಿಪಿಆರ್‌ಗೆ ಕೇಂದ್ರ ಜಲ ಆಯೋಗ ಒಪ್ಪಿಗೆ ಕೊಡಬಾರದು. ಯಾಕೆ ಎಂಬುದು ತಿಳಿಯಬೇಕಾದರೆ ಕ್ಯಾಲಿಫೋರ್ನಿಯಾದ ಶಾಸ್ತಾ ಅಣೆಕಟ್ಟೆಯ ಕಥೆ ನೋಡಬೇಕು.

ಸ್ಯಾಕ್ರಮೆಂಟೊ ನದಿಗೆ 1945ರಲ್ಲಿ ಕಟ್ಟಿ ಮುಗಿಸಿದ ಶಾಸ್ತಾದ ಸಾಮರ್ಥ್ಯ ನಮ್ಮ ಲೆಕ್ಕದಲ್ಲಿ ಸುಮಾರು 198 ಟಿಎಂಸಿ, ಅಂದರೆ ಮೇಕೆದಾಟುವಿನ ಮೂರು ಪಟ್ಟು. ಬೆಟ್ಟದ ತಣ್ಣನೆಯ ಒರತೆ ನೀರಿಗೆ ಹೋಗಿ ಮೊಟ್ಟೆಯಿಡುತ್ತಿದ್ದ ಚಿನೂಕ್ ಸಾಲ್ಮನ್ ಮೀನಿಗೆ ಅದು ದಾರಿ ಮುಚ್ಚಿತು. ಚಳಿಗಾಲದಲ್ಲಿ ನದಿಗೆ ಬಂದು ಬೇಸಿಗೆಯಲ್ಲಿ ಮೊಟ್ಟೆಯಿಡುವ ತಳಿ ಕಟ್ಟೆಯ ಕೆಳಗಡೆಯೇ, ಸುಡುವ ಬಯಲಿನಲ್ಲಿ, ಜಲಾಶಯದ ತಳದಿಂದ ಬಿಡುವ ತಣ್ಣೀರನ್ನೇ ನೆಚ್ಚಿ ಉಳಿಯಬೇಕಾಯಿತು. 1994ರಲ್ಲಿ ಅದು ಅಳಿವಿನಂಚಿನ ಪಟ್ಟಿ ಸೇರಿತು. ಬೇಕಾದ ಆಳದಿಂದ ನೀರೆಳೆಯುವ ಕವಾಟಗಳ ಉಕ್ಕಿನ ಗೋಪುರವನ್ನು ಕಟ್ಟೆಗೆ ಅಂಟಿಸಿದ್ದು 1997ರಲ್ಲಿ, ಸುಮಾರು 8 ಕೋಟಿ ಡಾಲರ್ ಸುರಿದು. ಕಟ್ಟೆ ಎದ್ದು ಆಗಲೇ 52 ವರ್ಷವಾಗಿತ್ತು. ನೀರು 13.3 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎಂಬ ಮಿತಿಯೂ ಇತ್ತು. ಇಷ್ಟಾದರೂ 2014 ಮತ್ತು 2015ರ ಬರದಲ್ಲಿ ನೂರಕ್ಕೆ 95ರ ಆಸುಪಾಸಿನಷ್ಟು ಮೊಟ್ಟೆ-ಮರಿಗಳು ಸತ್ತವು.

ಪ್ರಯೋಗಾಲಯದ ಲೆಕ್ಕದ ಪ್ರಕಾರ ಇಷ್ಟು ಸಾವು ಆಗಬಾರದಿತ್ತು. ಅಲ್ಲಿ ಇದೇ ಮೊಟ್ಟೆಗಳು 15 ಡಿಗ್ರಿಯವರೆಗೆ ತಾಳಿಕೊಂಡಿದ್ದವು. ನದಿಯಲ್ಲಿ 12 ಡಿಗ್ರಿ ದಾಟುತ್ತಿದ್ದಂತೆಯೇ ಸಾವು ಶುರು. ಬೆಂಜಮಿನ್ ಮಾರ್ಟಿನ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದ ಈ ಮೂರು ಡಿಗ್ರಿಯ ಅಂತರವೇ ನಮ್ಮ ಯೋಜನಾ ವರದಿ ಬರೆಯುವವರು ಗೋಡೆಗೆ ತೂಗುಹಾಕಿಕೊಳ್ಳಬೇಕಾದ ಸಂಖ್ಯೆ.

ಮೊಟ್ಟೆಯೊಳಗಿನ ಭ್ರೂಣಕ್ಕೆ ಕಿವಿರಿಲ್ಲ, ಓಡಿ ತಪ್ಪಿಸಿಕೊಳ್ಳಲು ಬಾಲವಿಲ್ಲ. ಆಮ್ಲಜನಕ ಹೊರಪೊರೆಯ ಮೂಲಕ ತಾನಾಗಿ ಇಳಿದು ಬರಬೇಕು. ನೀರು ಬಿಸಿಯಾದಷ್ಟೂ ಜೀವಕೋಶಗಳ ಉಸಿರಾಟದ ವೇಗ ಏರುತ್ತದೆ, ನೀರಿನಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ನೀರು ಬಿರುಸಾಗಿ ಹರಿದು ಮೊಟ್ಟೆಯ ಸುತ್ತ ನಿಂತ ಹಳಸಲು ನೀರನ್ನು ತೊಳೆದುಕೊಂಡು ಹೋಗುತ್ತದೆ. ನದಿತಳದ ಜಲ್ಲಿಯ ಸಂದಿಯಲ್ಲಿ ಹರಿವು ನಿಧಾನ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಜನ ತುಂಬಿದಂತೆ, ಇದ್ದ ಉಸಿರು ಬೇಗ ಮುಗಿಯುತ್ತದೆ. ಮೊಟ್ಟೆ ದಪ್ಪವಾದಷ್ಟೂ ಕಷ್ಟ ಹೆಚ್ಚು, ಏಕೆಂದರೆ ಒಳಗಿನ ಗಾತ್ರ ಬೆಳೆಯುವ ವೇಗದಲ್ಲಿ ಹೊರಮೈ ಬೆಳೆಯುವುದಿಲ್ಲ. 180ಕ್ಕೂ ಹೆಚ್ಚು ಜಾತಿಯ ಮೀನುಗಳಲ್ಲಿ ಈ ವಿವರಣೆಗೆ ಪುಷ್ಟಿ ಸಿಕ್ಕಿದೆ. ಅಂದಮೇಲೆ ತಾಪ ಮತ್ತು ಹರಿವನ್ನು ಬೇರೆಬೇರೆ ಕೋಷ್ಟಕದಲ್ಲಿ ಬರೆಯುವುದೇ ತಪ್ಪು.

ಇನ್ನೂ ಎಳೆಯ ಭ್ರೂಣದ ಪಾಡು ಬೇರೆ. ಬೆಳೆದ ಮೀನಿನ ಜೀವಕೋಶ ಬಿಸಿ ತಾಗಿದೊಡನೆ ಹೀಟ್ ಶಾಕ್ ಪ್ರೋಟೀನ್ ತಯಾರಿಸಿ, ಮಡಿಕೆ ತಪ್ಪಿದ ಪ್ರೋಟೀನ್‌ಗಳನ್ನು ಸರಿಪಡಿಸಿಕೊಳ್ಳುತ್ತದೆ. ಮೊದಲ ವಿಭಜನೆಗಳ ಹೊತ್ತಿನಲ್ಲಿ ಭ್ರೂಣದ ಸ್ವಂತ ವಂಶವಾಹಿಗಳು ಕೆಲಸವನ್ನೇ ಆರಂಭಿಸಿರುವುದಿಲ್ಲ. ತಾಯಿ ಮೊಟ್ಟೆಯಲ್ಲಿ ಇಟ್ಟುಕೊಟ್ಟ ಸರಕಿನಲ್ಲೇ ದಿನ ದೂಡಬೇಕು. ಜೀಬ್ರಾಮೀನಿನಲ್ಲಿ ಈ ಅವಧಿ ಮೂರು ಗಂಟೆಯಷ್ಟು. ತಿಂಗಳ ಸರಾಸರಿ ತಾಪಮಾನ ಬರೆದ ವರದಿಯಲ್ಲಿ ಆ ಮೂರು ಗಂಟೆ ಕಾಣುವುದೇ ಇಲ್ಲ.

694 ಜಾತಿಗಳನ್ನು ಪರಿಶೀಲಿಸಿದ 2020ರ ‘ಸೈನ್ಸ್’ ಪತ್ರಿಕೆಯ ಅಧ್ಯಯನವೂ ಇದನ್ನೇ ಹೇಳಿತು: ತಾಪಕ್ಕೆ ಅತಿ ಸೂಕ್ಷ್ಮ ಘಟ್ಟಗಳೆಂದರೆ ಭ್ರೂಣ ಮತ್ತು ಮೊಟ್ಟೆಯಿಡಲು ಸಿದ್ಧವಾದ ಮೀನು. ದೊಡ್ಡ ಮೀನು ಬದುಕಿದೆ, ನದಿ ಚೆನ್ನಾಗಿದೆ ಎನ್ನುವ ವಾದ ಅಲ್ಲಿಗೇ ಮುಗಿಯಿತು.

ಇನ್ನು ಮೇಕೆದಾಟು ಯೋಜನೆ ಬರಲಿರುವ ನಮ್ಮ ಕಾವೇರಿಗೆ ಬರೋಣ. ಭೀಮೇಶ್ವರಿ, ಗಾಲಿಬೋರೆಯ ಆಸುಪಾಸಿನ ಕಾವೇರಿ ಡುಬ್ಬದ ಮಹಶೀರ್‌ನ ನೆಲೆ. ಕಾವೇರಿ ಕಣಿವೆ ಬಿಟ್ಟು ಬೇರೆಲ್ಲೂ ಇಲ್ಲದ ಈ ಮೀನನ್ನು 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು. ಸಾಲ್ಮನ್‌ನಂತೆಯೇ ಮಹಶೀರ್ ಮೊಟ್ಟೆಗಳೂ ತೇಲುವುದಿಲ್ಲ. ಮುಳುಗಿ ಜಲ್ಲಿಯ ನಡುವೆ ಕೂರುತ್ತವೆ. ಕಟ್ಟೆಯ ಮೇಲ್ಗಡೆ ಹರಿವು ನಿಂತು ಹೂಳು ಕೂರುತ್ತದೆ. ಕೆಳಗಡೆ ನೀರಿನ ತಾಪ ತೂಬು ಯಾವ ಆಳದಲ್ಲಿದೆ ಎಂಬುದರ ಮೇಲೆ ನಿಂತಿದೆ. ಬೆಚ್ಚನೆಯ ನೀರಿನ ಮೀನಿಗೆ ತಳದ ತಣ್ಣೀರೂ ಕಾಟವೇ: ಆಸ್ಟ್ರೇಲಿಯಾದ ಬರೆಂಡಾಂಗ್ ಜಲಾಶಯಕ್ಕೆ 2014ರಲ್ಲಿ ದೊಡ್ಡ ಪರದೆ ಕಟ್ಟಿ ಮೇಲ್ಪದರದ ಬೆಚ್ಚನೆಯ ನೀರು ಬಿಡಬೇಕಾಗಿ ಬಂತು. ನಮ್ಮಲ್ಲೋ, ಕಾವೇರಿ ನ್ಯಾಯಮಂಡಳಿಯ 2007ರ ಐತೀರ್ಪು 740 ಟಿಎಂಸಿಯಲ್ಲಿ 10 ಟಿಎಂಸಿಯನ್ನು ಪರಿಸರಕ್ಕೆಂದು ಎತ್ತಿಟ್ಟಿತು. ಎತ್ತಿಟ್ಟಿದ್ದು ಬರೀ ಪ್ರಮಾಣ.

ಬೆಂಗಳೂರಿನ ಬಾಯಾರಿಕೆ ಮುಖ್ಯವೋ, ಮೀನಿನ ಮೊಟ್ಟೆಯೋ ಎಂದು ಕೇಳುವವರು ಈಗ ಎದ್ದು ನಿಲ್ಲುತ್ತಾರೆ. ಇದೇ ಧಾಟಿಯಲ್ಲಿ ಮೀನಿಗಿಂತ ಜನ ಮೊದಲು ಎಂಬ ಶೀರ್ಷಿಕೆಯ ಆದೇಶಕ್ಕೆ ಟ್ರಂಪ್ 2025ರ ಜನವರಿ 20ರಂದು, ಅಧಿಕಾರ ಹಿಡಿದ ದಿನವೇ, ಸಹಿ ಹಾಕಿದರು. ಅದೇ ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಸತತ ಮೂರು ವರ್ಷ ಸಮುದ್ರದ ವಾಣಿಜ್ಯ ಸಾಲ್ಮನ್ ಮೀನುಗಾರಿಕೆ ಬಂದ್ ಆಗಿತ್ತು. ದೋಣಿ ದಡಕ್ಕೆ ಕಟ್ಟಿ ಕೂತವರು ಜನರಲ್ಲವೇ? ಅಷ್ಟಕ್ಕೂ 4.75 ಟಿಎಂಸಿಯಲ್ಲಿ ಒಂದು ಹನಿಯನ್ನೂ ಮೀನಿಗೆ ಬಿಡಿ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಯಾವ ಆಳದಿಂದ ನೀರು ಬಿಡುತ್ತೀರಿ ಎಂಬುದಷ್ಟೇ ಪ್ರಶ್ನೆ. ನಕ್ಷೆ ಇನ್ನೂ ಕಾಗದದ ಮೇಲಿರುವಾಗ ಹಲವು ಆಳದ ಕವಾಟ ಸೇರಿಸುವುದಕ್ಕೂ ಅರ್ಧ ಶತಮಾನ ಕಳೆದು ಕಾಂಕ್ರೀಟಿಗೆ ಉಕ್ಕು ಅಂಟಿಸುವುದಕ್ಕೂ ಇರುವ ವ್ಯತ್ಯಾಸ ಎಂಜಿನಿಯರ್‌ಗಳಿಗೆ ಹೇಳಿಕೊಡಬೇಕಿಲ್ಲ.

ಕವಾಟವೊಂದೇ ಸಾಲದು ಎಂಬುದೂ ಶಾಸ್ತಾದ್ದೇ ಪಾಠ. 2014ರಲ್ಲಿ ಕವಾಟಗಳು ಇದ್ದವು. ಜಲಾಶಯ ತಗ್ಗಿ ತಳದ ತಣ್ಣೀರೇ ಮುಗಿದುಹೋಗಿತ್ತು. ಹಾಗಾಗಿ ಮುಂಗಾರಿಗೆ ಮುನ್ನ, ಮೇ ಕೊನೆಗೆ, ಜಲಾಶಯದಲ್ಲಿ ಕನಿಷ್ಠ ಎಷ್ಟು ನೀರು ಉಳಿದಿರಬೇಕು ಎಂಬ ನಿಯಮವೂ ಡಿಪಿಆರ್‌ನಲ್ಲಿ ಇರಲಿ. ಕರ್ನಾಟಕ ತಾನಾಗಿ ಬರೆಯದಿದ್ದರೆ ನಾಳೆ ನ್ಯಾಯಾಲಯದಲ್ಲಿ ತಮಿಳುನಾಡಿನ ವಕೀಲರು ಬರೆಸುತ್ತಾರೆ.