ನವೋದ್ಯಮವೂ ಕಾಯಕಧರ್ಮವೂ

ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯು ಕಳೆದ ದಿನಗಳನ್ನು ಕೃತಜ್ಞತೆಯಿಂದ ನೆನೆಯುವ ಹೊತ್ತಗೆ. ಇಲ್ಲಿ ಅಕ್ಷರ ಕಲಿತು ಹೊರನಡೆದ ಮಕ್ಕಳು ಇಂದು ಎಲ್ಲಿ ನಿಂತಿದ್ದಾರೆ, ಅವರ ದುಡಿಮೆಗೆ ನಾವು ಯಾವ ರೀತಿಯಲ್ಲಿ ಒತ್ತಾಸೆಯಾಗಿದ್ದೇವೆ ಎಂಬುದನ್ನು ಆಲೋಚಿಸುವುದೂ ಅಂತಹ ಸಂಚಿಕೆಯ ಧರ್ಮವೇ ಆಗಿದೆ. ಈ ದೃಷ್ಟಿಯಿಂದ, ಜನರು ಸ್ಟಾರ್ಟ್‌ಅಪ್ ಎಂದು ಕರೆಯುತ್ತಿರುವ ನವೋದ್ಯಮವು ನಮ್ಮ ಉತ್ತರ ಕರ್ನಾಟಕದ ನೆಲದಲ್ಲಿ ಬೇರುಬಿಡಲು ಯತ್ನಿಸುತ್ತಿರುವ ಈ ಕಾಲದಲ್ಲಿ ಕೆಲವು ಮಾತುಗಳನ್ನು ಸಹೃದಯರ ಮುಂದಿಡಲು ಬಯಸುತ್ತೇನೆ.

ನಮ್ಮ ರಾಜ್ಯದಲ್ಲಿ ತಂತ್ರಜ್ಞಾನದ ಉದ್ಯಮವೆಂದರೆ ಬೆಂಗಳೂರು ಎಂಬ ಭಾವನೆ ಬೆಳೆದುದು ಆಕಸ್ಮಿಕವಲ್ಲ. 1976ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಸಂಸ್ಥೆಯ ಮೂಲಕ ಆರ್. ಕೆ. ಬಾಳಿಗರು ಎಲೆಕ್ಟ್ರಾನಿಕ್ಸ್ ಸಿಟಿಯ ಕನಸನ್ನು ಕಂಡರು. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಿತು. 1985ರಲ್ಲಿ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಅಲ್ಲಿ ನೆಲೆಯೂರಿತು. ಅಂದಿನಿಂದ ನಮ್ಮ ಭಾಗದ ಬುದ್ಧಿವಂತ ಮಕ್ಕಳು ಪದವಿಪತ್ರವನ್ನು ಕೈಚೀಲದಲ್ಲಿಟ್ಟುಕೊಂಡು ರಾತ್ರಿಯ ರೈಲು ಹತ್ತುವುದು ವಾಡಿಕೆಯೇ ಆಗಿಹೋಯಿತು. ಅವರು ಹಬ್ಬಕ್ಕೂ ಜಾತ್ರೆಗೂ ಬರುತ್ತಾರೆ. ಆದರೆ ಅವರ ಕಸುಬು ಇಲ್ಲಿಗೆ ಬರಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಈ ಚಿತ್ರ ಬದಲಾಗುವ ಸೂಚನೆಗಳಿವೆ. ಹುಬ್ಬಳ್ಳಿಯಲ್ಲಿ ಜನಿಸಿ ಅಮೆರಿಕೆಯಲ್ಲಿ ಉದ್ಯಮಿಯಾಗಿ ಹೆಸರಾದ ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನವು ತಮ್ಮ ಹುಟ್ಟೂರಿನಲ್ಲಿಯೇ ನವೋದ್ಯಮಗಳ ಪೋಷಣ ಕೇಂದ್ರವನ್ನು ಕಟ್ಟಿತು. 2018ರಲ್ಲಿ ರತನ್ ಟಾಟಾ ಅವರು ಅದನ್ನು ಉದ್ಘಾಟಿಸಿದರು. 1947ರಲ್ಲಿ ಆರಂಭವಾದ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು 2015ರಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಧಾರವಾಡಕ್ಕೆ 2015ರಲ್ಲಿ ಐ.ಐ.ಐ.ಟಿ.ಯೂ 2016ರಲ್ಲಿ ಐ.ಐ.ಟಿ.ಯೂ ಬಂದವು. ಬೆಂಗಳೂರಿನ ಆಚೆಗೂ ಉದ್ಯಮ ಹರಡಬೇಕೆಂದು ಸರಕಾರವು ಹುಬ್ಬಳ್ಳಿ-ಧಾರವಾಡ-ಬೆಳಗಾವಿ, ಮೈಸೂರು, ಮಂಗಳೂರು ವಲಯಗಳನ್ನು ಗುರುತಿಸಿದೆ. 2025ರಲ್ಲಿ ಒಪ್ಪಿಗೆ ಪಡೆದ ರಾಜ್ಯದ ನವೋದ್ಯಮ ನೀತಿಯಂತೂ 25,000 ಹೊಸ ಉದ್ಯಮಗಳ ಗುರಿಯಿಟ್ಟು, ಅವುಗಳಲ್ಲಿ 10,000 ಬೆಂಗಳೂರಿನ ಹೊರಗೆ ಹುಟ್ಟಬೇಕೆಂದು ಸಂಕಲ್ಪಿಸಿದೆ.

ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಈ ಸಡಗರದ ನಡುವೆ ಒಂದು ಕೊರತೆಯನ್ನು ನಾವು ಗಮನಿಸಿದಂತೆ ಕಾಣುವುದಿಲ್ಲ. ಇಂದು ಒಬ್ಬ ತರುಣನಿಗೆ ಕುಳಿತು ಕೆಲಸ ಮಾಡಲು ಕಟ್ಟಡವಿದೆ, ಉಪಯೋಗಿಸಲು ಯಂತ್ರಗಳಿವೆ, ಮಾರ್ಗದರ್ಶನ ಮಾಡುವ ಹಿರಿಯರಿದ್ದಾರೆ. 2017ರಲ್ಲಿ ಆರಂಭವಾದ ಸರಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದರೆ 50 ಲಕ್ಷ ರೂಪಾಯಿಗಳವರೆಗೆ ಅನುದಾನವೂ ದೊರೆಯಬಹುದು. ವೇದಿಕೆಯ ಮೇಲೆ ಶಾಲು, ಹಾರ, ಫಲತಾಂಬೂಲಗಳಂತೂ ಧಾರಾಳವಾಗಿ ದೊರೆಯುತ್ತವೆ. ದೊರೆಯದಿರುವುದು ಒಂದೇ: ಮೊದಲ ಗಿರಾಕಿ. ಅವನು ತನ್ನ ವಸ್ತುವನ್ನು ಹಿಡಿದುಕೊಂಡು ಯಾವ ಬಾಗಿಲಿಗೆ ಹೋದರೂ, ಇದನ್ನು ಈ ಮೊದಲು ಯಾರು ಕೊಂಡಿದ್ದಾರೆ ಎಂಬ ಪ್ರಶ್ನೆ ಎದುರಾಗುತ್ತದೆ. ಮಾರಿದ ಹೊರತು ಅನುಭವವಿಲ್ಲ, ಅನುಭವವಿಲ್ಲದೆ ಮಾರಾಟವಿಲ್ಲ. ಈ ಸುಳಿಯಲ್ಲಿ ಸಿಲುಕಿದ ಉದ್ಯಮವು ಅನುದಾನ ಮುಗಿದೊಡನೆ ಉಸಿರು ಕಳೆದುಕೊಳ್ಳುತ್ತದೆ. ಅದನ್ನು ಕಟ್ಟಿದವನು ಮತ್ತೆ ಅದೇ ರಾತ್ರಿಯ ರೈಲು ಹತ್ತುತ್ತಾನೆ.

ಸರಕಾರವು ಈ ಕಷ್ಟವನ್ನು ತಕ್ಕಮಟ್ಟಿಗೆ ಅರಿತಿದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು, ಗುಣಮಟ್ಟದಲ್ಲಿ ರಾಜಿಯಾಗದೆ, ನವೋದ್ಯಮಗಳಿಗೆ ಪೂರ್ವಾನುಭವದ ಹಾಗೂ ಹಿಂದಿನ ವಹಿವಾಟಿನ ಷರತ್ತುಗಳನ್ನು ಸಡಿಲಿಸಲು ಅವಕಾಶವಿತ್ತಿವೆ. ಸರಕಾರಿ ಕಚೇರಿಗೆ ಸಾಧ್ಯವಾಗುವ ಈ ಔದಾರ್ಯ ನಮ್ಮ ಸಂಘಸಂಸ್ಥೆಗಳಿಗೆ ಏಕೆ ಸಾಧ್ಯವಾಗಬಾರದು?

ಈ ನಾಡಿನ ಮಠಗಳು ನಡೆಸುತ್ತಿರುವ ಶಾಲೆ, ಕಾಲೇಜು, ಉಚಿತ ಪ್ರಸಾದನಿಲಯ, ಆಸ್ಪತ್ರೆಗಳನ್ನೂ, ಭಕ್ತರು ಕಟ್ಟಿದ ಸಹಕಾರಿ ಸಂಘಗಳನ್ನೂ ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ಇವೆಲ್ಲವೂ ದಿನನಿತ್ಯ ಏನಾದರೊಂದನ್ನು ಕೊಳ್ಳುತ್ತಲೇ ಇರುತ್ತವೆ. ಪ್ರಸಾದನಿಲಯದಲ್ಲಿ ಇಂದು ರಾತ್ರಿ ಎಷ್ಟು ಮಕ್ಕಳು ಉಣ್ಣುವರೆಂದು ಮುಂಚಿತವಾಗಿ ತಿಳಿದರೆ ಅನ್ನ ವ್ಯರ್ಥವಾಗುವುದು ತಪ್ಪುತ್ತದೆ. ಉಳಿದ ಎಂಜಲಿನಿಂದ ಅನಿಲ ತಯಾರಾದರೆ ಒಲೆಯ ಖರ್ಚು ಇಳಿಯುತ್ತದೆ. ಕೊಳವೆಬಾವಿಯ ನೀರಿನ ಮಟ್ಟವನ್ನು ಅಳೆಯುವ ಸಾಧನವಿದ್ದರೆ ಬೇಸಗೆಯ ಬವಣೆಯನ್ನು ಮೊದಲೇ ಅರಿಯಬಹುದು. ಶುಲ್ಕದ ಲೆಕ್ಕ, ಗ್ರಂಥಾಲಯದ ಲೆಕ್ಕ, ಕಾಳುಕಡಿಯ ದಾಸ್ತಾನಿನ ಲೆಕ್ಕ, ಇವೆಲ್ಲಕ್ಕೂ ಗಣಕಯಂತ್ರದ ನೆರವು ಬೇಕು. ಇವು ಸಣ್ಣ ಸಮಸ್ಯೆಗಳಂತೆ ತೋರಬಹುದು. ಆದರೆ ಒಂದು ಪ್ರಸಾದನಿಲಯದಲ್ಲಿ ಬಗೆಹರಿದ ಸಮಸ್ಯೆ ನಾಡಿನ ಅಸಂಖ್ಯ ವಸತಿಗೃಹಗಳಲ್ಲಿ ಬಗೆಹರಿಯಬಲ್ಲದು. ಉದ್ಯಮ ಬೆಳೆಯುವುದು ಹಾಗೆಯೇ.

ಆದುದರಿಂದ ನನ್ನ ವಿನಮ್ರ ಸಲಹೆ ಇಷ್ಟೇ. ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೆ ತನ್ನ ಒಂದು ಸಮಸ್ಯೆಯನ್ನು ಬರೆದು ಪ್ರಕಟಿಸಲಿ. ಸುತ್ತಲಿನ ತರುಣ ಉದ್ಯಮಿಗಳಲ್ಲಿ ಯೋಗ್ಯರೆನಿಸಿದವರಿಗೆ ಆರು ತಿಂಗಳ ಕಾಲಾವಕಾಶವನ್ನೂ ನ್ಯಾಯವಾದ ಬೆಲೆಯನ್ನೂ ಕೊಡಲಿ. ಉಚಿತವಾಗಿ ಮಾಡಿಸಿಕೊಳ್ಳುವ ಆಸೆ ಬೇಡ. ಸೇವೆಯ ಹೆಸರಿನಲ್ಲಿ ಕೂಲಿಯನ್ನು ಉಳಿಸುವುದು ಕಾಯಕಕ್ಕೆ ಮಾಡುವ ಅಪಚಾರ. ಕೊಡಬೇಕಾದುದನ್ನು ಸಕಾಲದಲ್ಲಿ ಕೊಡಲಿ. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಂದಾಯವಾಗಬೇಕೆಂದು 2006ರ ಕಾನೂನೇ ವಿಧಿಸಿದೆ. ದೊಡ್ಡ ಕಂಪನಿಗೆ ಮೂರು ತಿಂಗಳ ವಿಳಂಬ ಒಂದು ತೊಂದರೆ ಮಾತ್ರ. ಇಬ್ಬರು ಮೂವರು ಸೇರಿ ನಡೆಸುವ ಉದ್ಯಮಕ್ಕೆ ಅದೇ ಮರಣಶಾಸನ.

ಭಕ್ತರು ಕೊಟ್ಟ ಹಣವನ್ನು ಹುಡುಗರ ಪ್ರಯೋಗಕ್ಕೆ ವೆಚ್ಚಮಾಡುವುದು ಸರಿಯೇ ಎಂದು ಕೆಲವರು ಆಕ್ಷೇಪಿಸಬಹುದು. ನಮ್ಮವರೆಂಬ ಮೋಹದಿಂದ ಕಳಪೆ ವಸ್ತು ಒಳಬರುವುದೆಂದೂ ಶಂಕಿಸಬಹುದು. ಈ ಆಕ್ಷೇಪಣೆಗಳು ನಿರಾಧಾರವಲ್ಲ. ಪ್ರಯೋಗ ಸಣ್ಣದಾಗಿರಬೇಕು, ಲೆಕ್ಕ ಬಹಿರಂಗವಾಗಿರಬೇಕು, ಕೆಲಸ ಕೆಟ್ಟರೆ ನಿಷ್ಠುರವಾಗಿ ನಿಲ್ಲಿಸಬೇಕು. ಕಠಿಣವಾಗಿ ಪ್ರಶ್ನಿಸುವ ಗಿರಾಕಿ ನೂರು ಸನ್ಮಾನಗಳಿಗಿಂತ ಹೆಚ್ಚಿನದನ್ನು ಕಲಿಸಬಲ್ಲನು. ಇನ್ನು ‘ನಮ್ಮವರು’ ಎಂಬ ಮಾತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯನವರು ಹುಟ್ಟಿನಿಂದಲ್ಲ, ನಡೆಯಿಂದಲೂ ದುಡಿಮೆಯಿಂದಲೂ ಗೌರವ ಪಡೆದರು. ಆ ಪರಂಪರೆಯ ಸಂಸ್ಥೆಗಳು ಉದ್ಯಮಿಯ ಕುಲವನ್ನು ಕೇಳಲಾಗದು; ಕೆಲಸವನ್ನಷ್ಟೇ ನೋಡಬೇಕು.

ತರುಣರಿಗೂ ಒಂದು ಮಾತನ್ನು ಹೇಳಲೇಬೇಕು. ಇಂದಿನ ನವೋದ್ಯಮ ಲೋಕದಲ್ಲಿ ಎಷ್ಟು ಗಳಿಸಿದೆ ಎಂಬುದಕ್ಕಿಂತ ಎಷ್ಟು ಬಂಡವಾಳ ಎತ್ತಿದೆ ಎಂಬುದೇ ಸುದ್ದಿಯಾಗುತ್ತದೆ. ಮಕ್ಕಳ ಕಲಿಕೆಯನ್ನೇ ಉದ್ಯಮವಾಗಿಸಿಕೊಂಡ ಬೆಂಗಳೂರಿನ ಬೈಜೂಸ್ ಕಂಪನಿಗೆ 2022ರಲ್ಲಿ ಹೂಡಿಕೆದಾರರು ಕಟ್ಟಿದ ಬೆಲೆ 22 ಶತಕೋಟಿ ಡಾಲರ್. 2024ರಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಂದಿಗೆ ಬೇಕಾದುದಕ್ಕಿಂತ ಹೆಚ್ಚಾದುದನ್ನು ಸುರಿದು ಬರುವಂತೆ ಲಕ್ಕಮ್ಮ ತಿದ್ದಿದಳು. ಉದ್ಯಮಕ್ಕೆ ಬಂಡವಾಳ ಬೇಕು, ನಿಜ. ಆದರೆ ಬಂದ ಹಣವೆಲ್ಲ ಗಳಿಕೆಯಲ್ಲ, ಅದು ಹೊರೆ ಎಂದು ತಿಳಿಸಿಹೇಳುವ ಒಬ್ಬ ಲಕ್ಕಮ್ಮ ಪ್ರತಿಯೊಂದು ಉದ್ಯಮದಲ್ಲಿಯೂ ಇರಬೇಕು.

ಕೊನೆಯದಾಗಿ ತಂದೆತಾಯಿಗಳಲ್ಲಿ ಒಂದು ಬಿನ್ನಹ. ಹೊಸ ಉದ್ಯಮಗಳಲ್ಲಿ ಅನೇಕವು ಸೋಲುತ್ತವೆ. ಮಳೆ ಕೈಕೊಟ್ಟ ವರ್ಷ ಬೆಳೆ ಬಾರದಿದ್ದರೆ ನಾವು ರೈತನನ್ನು ಮೂರ್ಖನೆನ್ನುವುದಿಲ್ಲ. ಮರುವರ್ಷ ಬಿತ್ತಲು ಬೀಜ ಕೊಡುತ್ತೇವೆ. ಆದರೆ ಉದ್ಯಮದಲ್ಲಿ ಸೋತು ಮನೆಗೆ ಬಂದ ಮಗನನ್ನೋ ಮಗಳನ್ನೋ ನೆರೆಹೊರೆಯ ಮಾತಿಗೆ ಅಂಜಿ ನಾವೇ ಹಂಗಿಸುತ್ತೇವೆ. ಪ್ರಾಮಾಣಿಕವಾಗಿ ದುಡಿದು, ಸಾಲಗಾರರಿಗೆ ಲೆಕ್ಕ ಒಪ್ಪಿಸಿ, ಕೂಲಿಯವರ ಬಾಕಿ ತೀರಿಸಿ ಬಾಗಿಲು ಮುಚ್ಚಿದವನು ತಲೆತಗ್ಗಿಸಬೇಕಾಗಿಲ್ಲ.

ಮುಂದಿನ ವಾರ್ಷಿಕೋತ್ಸವಕ್ಕೆ ಇಂತಹ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಯುವುದಾದರೆ, ಶಾಲಿನ ಜೊತೆಗೆ ಒಂದು ಖರೀದಿಯ ಆದೇಶಪತ್ರವೂ ಸಿದ್ಧವಾಗಿರಲಿ. ಅದರ ಮೊತ್ತ ಎಷ್ಟೇ ಅಲ್ಪವಾಗಿದ್ದರೂ ಚಿಂತೆಯಿಲ್ಲ. ತನ್ನ ಶಾಲೆಯೇ ತನ್ನ ಮೊದಲ ಗಿರಾಕಿಯೆಂದು ಅವನು ಮತ್ತೊಂದು ಬಾಗಿಲಲ್ಲಿ ನಿಂತು ಹೇಳುವಂತಾದರೆ, ಆ ಮಾತೇ ಅವನಿಗೆ ಮೂಲಧನವಾದೀತು.